ಶೆಲ್ ಆರ್ಗ್ಯುಮೆಂಟ್ ಮತ್ತು ಕನ್ನಡದ ಕಡತನಾಮ: ಹರಿಹರದ ಒಂದು ಹೆಸರಿನ ನೆಲೆಯಲ್ಲಿ

ಹರಿಹರದಲ್ಲಿ 1941ರಲ್ಲಿ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿ, ಈಗ ಮುಚ್ಚಿಹೋಗಿರುವ ಕಾರ್ಖಾನೆ ಮೈಸೂರು ಕಿರ್ಲೋಸ್ಕರ್. ಅದರ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಇದೇ ಹೆಸರಿನ ಕಡತದಲ್ಲಿ ಇಟ್ಟಿದ್ದೇವೆ ಎಂದುಕೊಳ್ಳೋಣ. ಆ ಹೆಸರನ್ನು ಲಿನಕ್ಸ್ ಶೆಲ್ ಮೂಲಕ ಒಂದು ಪ್ರೋಗ್ರಾಮಿಗೆ ಆರ್ಗ್ಯುಮೆಂಟ್ ಆಗಿ ಕೊಡುವಾಗ ಏನೇನು ಕೆಡಬಹುದು ಎಂಬುದು ಈ ಲೇಖನದ ವಿಷಯ. ಉದ್ಧರಣ ಚಿಹ್ನೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಪಾಠ ಕನ್ನಡದ ಹೆಸರುಗಳ ಮಟ್ಟಿಗೆ ಅರ್ಧಸತ್ಯ ಎಂಬುದು ನನ್ನ ವಾದ.

ಮೊದಲು ಆ ಅರ್ಧ. ಶೆಲ್ ಕರ್ನಲ್‌ಗೆ ಒಪ್ಪಿಸುವುದು ಒಂದೇ ಉದ್ದನೆಯ ಸಾಲನ್ನಲ್ಲ, ಬಿಡಿಬಿಡಿ ಆರ್ಗ್ಯುಮೆಂಟ್‌ಗಳ ಪಟ್ಟಿಯನ್ನು. (ವಿಂಡೋಸ್‌ನಲ್ಲಿ ಇಡೀ ಸಾಲು ಪ್ರೋಗ್ರಾಮಿಗೇ ಹೋಗುತ್ತದೆ, ಒಡೆಯುವ ಹೊಣೆಯೂ ಅದರದ್ದೇ.) ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಅವುಗಳಲ್ಲಿ ಯಾವುದೂ ಶೆಲ್‌ನ ವಿಶೇಷ ಚಿಹ್ನೆಗಳ ಬೈಟಿಗೆ ಸಮವಾಗದ ಕಾರಣ ಅಕ್ಷರಗಳಿಂದ ತೊಂದರೆಯಿಲ್ಲ. ತೊಂದರೆ ಇರುವುದು ಪದಗಳ ನಡುವಿನ ಖಾಲಿ ಜಾಗದಲ್ಲಿ. ಸ್ಕ್ರಿಪ್ಟ್‌ನಲ್ಲಿ ಮೊದಲ ಆರ್ಗ್ಯುಮೆಂಟನ್ನು ಉದ್ಧರಣ ಚಿಹ್ನೆಯಿಲ್ಲದೆ $1 ಎಂದಷ್ಟೇ ಬರೆದರೆ ನಮ್ಮ 52 ಬೈಟ್‌ಗಳ ಹೆಸರು 18 ಮತ್ತು 33 ಬೈಟ್‌ಗಳ ಎರಡು ಆರ್ಗ್ಯುಮೆಂಟ್‌ಗಳಾಗಿ ಒಡೆಯುತ್ತದೆ. ಅಳಿಸುವ ಕಮಾಂಡಿಗೆ ಹೀಗೆ ಕೊಟ್ಟಾಗ ಪಕ್ಕದಲ್ಲಿ ‘ಮೈಸೂರು’ ಎಂಬ ಬೇರೊಂದು ಕಡತವಿದ್ದರೆ ಅದು ಹೋದಂತೆಯೇ. 2001ರ ನವೆಂಬರ್‌ನಲ್ಲಿ ಐಟ್ಯೂನ್ಸ್ 2ರ ಇನ್‌ಸ್ಟಾಲರ್ ಕೆಲವರ ಡಿಸ್ಕನ್ನೇ ಅಳಿಸಿಹಾಕಿದ್ದು ಇಂಥದೇ ತಪ್ಪಿನಿಂದ. ಪರಿಹಾರ ಸರಳ: "$1" ಎಂದು ಬರೆಯುವುದು, ಬಂದದ್ದನ್ನೆಲ್ಲ ಹಾಗೆಯೇ ಮುಂದೆ ದಾಟಿಸಲು "$@" ಬಳಸುವುದು. "$*" ಎಲ್ಲವನ್ನೂ ಒಂದೇ ಆರ್ಗ್ಯುಮೆಂಟಾಗಿ ಬೆಸೆದುಬಿಡುತ್ತದೆ. ಹೆಸರು ಅಡ್ಡಗೆರೆಯಿಂದ ಶುರುವಾಗುವ ಸಂಭವವಿದ್ದರೆ ಅದಕ್ಕೆ ಮುಂಚೆ -- ಇರಬೇಕು.

ಉಳಿದರ್ಧದ ಬಗ್ಗೆ ಪಠ್ಯಪುಸ್ತಕಗಳು ಮಾತಾಡುವುದು ಕಡಿಮೆ. ‘ಮೈ’ಯ ಐತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಅದರ ಕೆಳಗಿನ ಗುರುತು ಎಂದು ಎರಡಾಗಿಯೂ ಬರೆಯಬಹುದು. ‘ಲೋ’ದ ಓತ್ವ ಹಾಗೆ ಬಿಡಿಸಿದರೆ ಮೂರಾಗುತ್ತದೆ: ಎತ್ವ, ಕೊಂಬಿನ ದೀರ್ಘ, ದೀರ್ಘ. ಕೀಲಿಮಣೆಗಳು ಸಾಮಾನ್ಯವಾಗಿ ಕೂಡಿದ ರೂಪವನ್ನೇ ಕೊಡುತ್ತವೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರನ್ನು ಬಿಡಿಸಿ ಇಡುತ್ತಿತ್ತು. ಬಿಡಿಸಿದಾಗ ನಮ್ಮ ಹೆಸರು 61 ಬೈಟ್. ಪರದೆಯ ಮೇಲೆ ಎರಡಕ್ಕೂ ವ್ಯತ್ಯಾಸವಿಲ್ಲ, ಆದರೆ ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗೆ ಅವು ಎರಡು ಬೇರೆ ಕಡತಗಳು. ಒಂದು ರೂಪದಲ್ಲಿ ಇಟ್ಟದ್ದನ್ನು ಇನ್ನೊಂದು ರೂಪದಲ್ಲಿ ಕೇಳಿದರೆ, ಉದ್ಧರಣ ಚಿಹ್ನೆ ಸರಿಯಾಗಿಯೇ ಇದ್ದರೂ ‘ಕಡತ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ‘ದಾವಣಗೆರೆ’, ‘ಹರಿಹರ’ ಈ ಎರಡರಲ್ಲೂ ಹೀಗೆ ಬಿಡಿಸಬಲ್ಲ ಸ್ವರಚಿಹ್ನೆ ಇಲ್ಲ. ಊರಿನ ಹೆಸರಿನಿಂದಷ್ಟೇ ಸ್ಕ್ರಿಪ್ಟ್ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ.

ಇದಕ್ಕಿಂತ ಗುಪ್ತವಾದದ್ದು ಇನ್ನೊಂದಿದೆ. ‘ಕಿರ್ಲೋಸ್ಕರ್‌ನ’ ಎಂದು ಬೆರಳಚ್ಚಿಸಿ ಕೊನೆಯ ‘ನ’ ಮಾತ್ರ ಅಳಿಸಿದರೆ, ಒತ್ತಕ್ಷರವಾಗದಂತೆ ತಡೆಯುವ ಅಗಲವಿಲ್ಲದ ಸಂಕೇತ ಅಲ್ಲೇ ಉಳಿಯುತ್ತದೆ. ಆಗ ಹೆಸರು 55 ಬೈಟ್. ಶೆಲ್ ಅದನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲ. ಹೆಸರನ್ನು ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದರೂ ಅದು ಹೋಗದು. ಎಲ್ಲೆಡೆಯಿಂದ ಕಿತ್ತುಹಾಕುವಂತೆಯೂ ಇಲ್ಲ, ಏಕೆಂದರೆ ‘ರಾಜ್‌ಕುಮಾರ್’ ‘ರಾಜ್ಕುಮಾರ್’ ಆಗಿಬಿಡುತ್ತದೆ. ಆದ್ದರಿಂದ ಪದದ ಕೊನೆಯಲ್ಲಿ ಇರುವುದನ್ನು ಮಾತ್ರ ತೆಗೆಯಬೇಕು.

ಹೀಗಾಗಿ ಕ್ರಮ ಮುಖ್ಯ. ಕಡತ ಸಂಗ್ರಹಕ್ಕೆ ಸೇರುವ ಹೊತ್ತಿಗೇ ಹೆಸರನ್ನು ಎನ್‌ಎಫ್‌ಸಿಗೆ ತಂದು, ಪದಾಂತ್ಯದ ಆ ಸಂಕೇತವನ್ನು ತೆಗೆದು, ಉದ್ದ ಲಿನಕ್ಸ್‌ನ ಸಾಮಾನ್ಯ ಮಿತಿಯಾದ 255 ಬೈಟ್ ಮೀರದಂತೆ (ಕನ್ನಡದಲ್ಲಿ 85 ಸಂಕೇತ) ನೋಡಿಕೊಳ್ಳಬೇಕು. ಉದ್ಧರಣ ಚಿಹ್ನೆಯ ಪಾಳಿ ಆಮೇಲಿನದು.

"$@" ಬಂದದ್ದು 1979ರ ಬೋರ್ನ್ ಶೆಲ್‌ನೊಂದಿಗೆ. ದಾವಣಗೆರೆಯ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಶುರುವಾದದ್ದೂ ಅದೇ ವರ್ಷ. ಅಲ್ಲಿನ ಮತ್ತು 1951ರಷ್ಟು ಹಳೆಯ ಬಿಡಿಟಿ ಕಾಲೇಜಿನ ಅಧ್ಯಾಪಕರಲ್ಲಿ ಒಂದು ಕೋರಿಕೆ: ಶೆಲ್ ಪ್ರಯೋಗಾಲಯದಲ್ಲಿ 52, 55 ಮತ್ತು 61 ಬೈಟ್‌ಗಳ ಈ ಮೂರು ಕಡತಗಳನ್ನು ವಿದ್ಯಾರ್ಥಿಗಳ ಮುಂದಿಟ್ಟು, ಒಂದನ್ನು ಮಾತ್ರ ಅಳಿಸಲು ಹೇಳಿ.