ಕಡತಗಳಲ್ಲಿ ಉಳಿದ ಹೆಸರು

ಮಾರತ್ತಹಳ್ಳಿಯ ನನ್ನ ಮನೆಯ ಮಹಡಿಯಲ್ಲಿ ನಿಂತರೆ ವಿಮಾನ ಕಾರ್ಖಾನೆಯ ಸದ್ದು ಕೇಳುತ್ತದೆ. ವಾಲಚಂದ್ ಹೀರಾಚಂದರು ಮೈಸೂರು ಸರಕಾರದೊಡನೆ ಸೇರಿ ಅದನ್ನು ಸ್ಥಾಪಿಸಿದ್ದು 1940ರ ಡಿಸೆಂಬರಿನಲ್ಲಿ. ಎರಡು ವರ್ಷಗಳ ತರುವಾಯ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನ ವಿದ್ಯೆಯ ವಿಭಾಗ ಹುಟ್ಟಿತು. ಅದರ ಕಟ್ಟಡವನ್ನು ರೂಪಿಸಿದವರು ಆಟೋ ಕೋನಿಗ್ಸ್‌ಬರ್ಗರ್.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಇವರು ನಾಜಿಗಳ ಕಾಲದಲ್ಲಿ ದೇಶ ತೊರೆದು, ಈಜಿಪ್ಟಿನಲ್ಲಿ ಕೆಲಕಾಲವಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಆಗ ಮಿರ್ಜಾ ಇಸ್ಮಾಯಿಲರು ದಿವಾನರು. ಮುಂದೆ ಟಾಟಾ ಅವರಿಗಾಗಿ ಜಮ್‌ಶೆಡ್‌ಪುರದ ಯೋಜನೆ, 1948ರಲ್ಲಿ ಭುವನೇಶ್ವರದ ಯೋಜನೆ, ಕೇಂದ್ರ ಸರಕಾರದ ವಸತಿ ನಿರ್ದೇಶಕರ ಹುದ್ದೆ, ಕೊನೆಗೆ ಲಂಡನ್ನು. ಅಲ್ಲಿಯೇ 1999ರಲ್ಲಿ ತೀರಿಕೊಂಡರು.

ಸರಕಾರಿ ವಾಸ್ತುಶಿಲ್ಪಿಯ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತುವುದಿಲ್ಲ. ಕಲ್ಲು ಉದ್ಘಾಟನೆಗೆ ಬಂದವರಿಗೆ ಮೀಸಲು. ಅವನ ಹೆಸರು ಉಳಿಯುವುದು ಕಡತದಲ್ಲಿ. ಈ ಮಾತೇ ಸ್ವಾರಸ್ಯದ್ದು. ನಮ್ಮ ಹಿರಿಯರ ಕಡತವೆಂದರೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆ. ಮಡಿಸಿ ಮಡಿಸಿ ಇಟ್ಟು, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂದು ಅದು ಕಛೇರಿಯ ಕಾಗದದ ಕಂತೆಗೆ ಹೆಸರಾಗಿದೆ. ಅಂದಾಜು ಪಟ್ಟಿ, ಟೆಂಡರು, ಗುತ್ತಿಗೆದಾರನ ತಕರಾರು, ಮೇಲಧಿಕಾರಿಯ ಟಿಪ್ಪಣಿ: ಓದಲು ನೀರಸವೆನ್ನುತ್ತೀರಿ. ಆದರೆ ಯುದ್ಧಕಾಲದಲ್ಲಿ ಸಿಮೆಂಟೂ ಉಕ್ಕೂ ದುರ್ಲಭವಾಗಿದ್ದವು. ಒಂದು ಗೋಡೆ ಕಲ್ಲಿನದಾದದ್ದು ಕಲಾವಿದನ ಅಭಿರುಚಿಯಿಂದಲೋ ಉಗ್ರಾಣದಲ್ಲಿ ಸಾಮಗ್ರಿ ಇಲ್ಲದ್ದರಿಂದಲೋ ಎಂಬುದನ್ನು ಗೋಡೆ ಹೇಳದು, ಪತ್ರ ಹೇಳೀತು. ಕಟ್ಟಡವನ್ನಷ್ಟೇ ನೋಡಿ ಬರೆದ ಕಲಾವಿಮರ್ಶೆಯಲ್ಲಿ ನನಗೆ ಅರ್ಧ ನಂಬಿಕೆ.

ಲೆ ಕಾರ್ಬ್ಯುಸಿಯೆ ಜಾಣ. ತನ್ನ ನಕ್ಷೆಗಳೂ ಪತ್ರಗಳೂ ಚದುರದಂತೆ ಬದುಕಿದ್ದಾಗಲೇ ಯೋಚಿಸಿದ. ಅವನ ಇಚ್ಛೆಯಂತೆ 1968ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರತಿಷ್ಠಾನ ಏರ್ಪಟ್ಟಿತು. ಊರೂರು ಅಲೆದ ನಿರಾಶ್ರಿತನಿಗೆ ಆ ಭಾಗ್ಯವೆಲ್ಲಿ? ಕೋನಿಗ್ಸ್‌ಬರ್ಗರ್ ಅವರ ಭಾರತದ ದುಡಿಮೆಯನ್ನು ರೇಚಲ್ ಲೀ ಎಂಬ ವಿದುಷಿ ಹುಡುಕಿ ಬರೆದದ್ದು ಅವರು ಬೆಂಗಳೂರು ಬಿಟ್ಟು ಅರ್ಧ ಶತಮಾನ ಕಳೆದ ಮೇಲೆ.

ಇನ್ನೊಬ್ಬರನ್ನು ದೂರಲು ನನಗೆ ಅಧಿಕಾರವಿಲ್ಲ. ನನ್ನ ತಂದೆ ಸಂಸ್ಥಾನದ ಕಾಲದಲ್ಲಿ ಟ್ರೇಸರ್ ಆಗಿದ್ದರು. ಹಲಸೂರಿನ ಮನೆ ಖಾಲಿ ಮಾಡುವಾಗ ಅವರ ಟ್ರಂಕಿನಲ್ಲಿದ್ದ ಕಾಗದಗಳನ್ನು ಬಿಚ್ಚಿಯೂ ನೋಡದೆ ತೂಕಕ್ಕೆ ಹಾಕಿದೆ. ನಕ್ಷೆ ತೆಗೆಯುವ ಬಟ್ಟೆಯನ್ನು ಮಾತ್ರ ಅಂಗಡಿಯವನು ಬೇಡವೆಂದ. ಅಮ್ಮ ಅದನ್ನು ನೀರಿನಲ್ಲಿ ನೆನೆಸಿ, ಗಂಜಿ ಬಿಡಿಸಿ, ಕರವಸ್ತ್ರಗಳನ್ನು ಹೊಲಿದರು. ಒಂದು ನನ್ನಲ್ಲಿ ಈಗಲೂ ಇದೆ. ಬಹಳ ನುಣುಪಾದ ಬಟ್ಟೆ. ಒಂದು ಗೆರೆಯೂ ಉಳಿದಿಲ್ಲ.