ಹಣೆಯ ನಾಳ, ಕೆನ್ನೆಯ ಗೆಡ್ಡೆ

ದುದ್ದ ಹೋಬಳಿಯ ಊರುಗಳಲ್ಲಾಗಲಿ ಮಂಡ್ಯ ಸೀಮೆಯ ಬೇರೆಡೆಯಲ್ಲಾಗಲಿ ಹುಟ್ಟುಮಚ್ಚೆ ಅಥವಾ ಗೆಡ್ಡೆ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವ ಮುಖದ ಊತಗಳಲ್ಲಿ ಕೆಲವು, ರಕ್ತನಾಳಗಳು ಗರ್ಭದಲ್ಲಿಯೇ ತಪ್ಪಾಗಿ ಹೆಣೆದುಕೊಂಡುದರಿಂದ ಉಂಟಾದವು. ಹೃದಯದಿಂದ ರಕ್ತ ತರುವ ಅಪಧಮನಿಯು, ನಡುವೆ ಇರಬೇಕಾದ ಲೋಮನಾಳಗಳ ಸೂಕ್ಷ್ಮ ಜಾಲವಿಲ್ಲದೆ, ರಕ್ತವನ್ನು ಹಿಂದಕ್ಕೊಯ್ಯುವ ಅಭಿಧಮನಿಯನ್ನು ನೇರವಾಗಿ ಕೂಡಿಕೊಳ್ಳುವ ಬಗೆಯೇ ಇವುಗಳಲ್ಲಿ ಅತ್ಯಂತ ಕಠಿಣವಾದುದು. ಅಂಥ ಗೆಡ್ಡೆಯ ಮೇಲೆ ಬೆರಳಿಟ್ಟರೆ ನಾಡಿಯ ಬಡಿತದೊಡನೆ ಒಂದು ಕಂಪನ ಕೈಗೆ ತಾಕುತ್ತದೆ.

ಇಂಥ ಗೆಡ್ಡೆ ತೆಗೆಯಲು ಮುಖದ ನಾಳಗಳ ಅರಿವು ಬೇಕು; ಆ ಅರಿವು ಕಾಣುವ, ಮುಖದ ಶಸ್ತ್ರಚಿಕಿತ್ಸೆಯ ಲೋಕಪ್ರಸಿದ್ಧ ದಾಖಲೆಯೊಂದರ ಮೂಲ ಇದೇ ಜಿಲ್ಲೆಯ ಶ್ರೀರಂಗಪಟ್ಟಣದ ಯುದ್ಧದಲ್ಲಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತು ಹೊಡೆಯುವವನಾಗಿದ್ದ ಕಾವಸ್ಜಿ, ಟಿಪ್ಪುವಿನ ಸೆರೆಯಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದೂ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕೂಡಿಸಿದನೆಂದೂ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ವರದಿ ಮಾಡಿತು. ಮೇಣದ ತೆಳುಹಾಳೆಯಿಂದ ಮೂಗಿನ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಹರಡಿ ಗೆರೆ ಎಳೆದು, ಚರ್ಮವನ್ನು ಬಿಡಿಸಿ ಕೆಳಕ್ಕೆ ತಿರುಗಿಸಿದ ಆತ, ಆ ಚರ್ಮಕ್ಕೆ ರಕ್ತ ಹರಿಯುತ್ತಿರುವಂತೆ ಹುಬ್ಬುಗಳ ನಡುವಿನ ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿದ. ಹೊಲಿಗೆಯ ಬದಲು ನೀರಿನಲ್ಲಿ ಕಲಸಿದ ಕಾಚು ಹಚ್ಚಿದ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟ. ಚರ್ಮ ಕೂಡಿಕೊಂಡ ಮೇಲೆ, ಸುಮಾರು 25ನೆಯ ದಿನ, ಹುಬ್ಬುಗಳ ನಡುವಿನ ಆ ಚರ್ಮದ ಪಟ್ಟಿಯನ್ನು ಕತ್ತರಿಸಿದ. ಯಾವ ನಾಳವನ್ನು ಉಳಿಸಬೇಕೆಂಬ ಅರಿವು ಹೆಸರು ದಾಖಲಾಗದ ಆ ಕುಶಲಕರ್ಮಿಯ ಕೈಯಲ್ಲಿತ್ತೆಂಬುದು ಸಣ್ಣ ಸಂಗತಿಯಲ್ಲ.

ಗೆಡ್ಡೆಗಳಲ್ಲಿ ಯಾವ ನಾಳವನ್ನು ಮುಚ್ಚಬೇಕೆಂಬ ಅರಿವು ಬಹಳ ತಡವಾಗಿ ಬಂತು. 1809ರಲ್ಲಿ ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಕಣ್ಣುಗೂಡಿನ ಮಿಡಿಯುವ ಗೆಡ್ಡೆಗಾಗಿ ಕುತ್ತಿಗೆಯ ದೊಡ್ಡ ಅಪಧಮನಿಯಾದ ಕ್ಯಾರಟಿಡನ್ನೇ ಕಟ್ಟಿದ. ಆ ದಾರಿ ಹಿಡಿದವರಿಗೆ ಕ್ರಮೇಣ ತಿಳಿದುಬಂದುದೇನೆಂದರೆ, ದೂರದಲ್ಲಿ ನಾಳ ಕಟ್ಟಿದರೆ ಗೆಡ್ಡೆಯು ಅಕ್ಕಪಕ್ಕದ ನಾಳಗಳಿಂದ ರಕ್ತ ಸೆಳೆದುಕೊಂಡು ಮತ್ತೆ ಬೆಳೆಯುತ್ತದೆ. ನಾಲೆಯ ಬಯಲಿನವರಿಗೆ ಇದು ಹೊಸ ಮಾತಲ್ಲ: ಮೇಲಿನ ತೂಬು ಮುಚ್ಚಿದರೂ ತಗ್ಗಿನ ಗದ್ದೆಗೆ ನೀರು ಬೇರೆ ಮಗ್ಗುಲಿಂದ ಬಸಿದು ಬರುತ್ತದೆ.

1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಚರ್ಮದ ಮೂಲಕವೇ ಅಪಧಮನಿಯೊಳಕ್ಕೆ ಕೊಳವೆ ತೂರಿಸುವ ಸುಲಭ ವಿಧಾನವನ್ನು ಪ್ರಕಟಿಸಿದ ಮೇಲೆ ಒಳಗಿನಿಂದಲೇ ನಾಳ ಮುಚ್ಚುವ ಎಂಬೋಲೈಸೇಷನ್ ಚಿಕಿತ್ಸೆಗೆ ದಾರಿ ತೆರೆಯಿತು. 1982ರಲ್ಲಿ ಮಲಿಕನ್ ಮತ್ತು ಗ್ಲೊವಾಕಿ ಎಂಬ ಸಂಶೋಧಕರು, ಶೈಶವದಲ್ಲಿ ಬೆಳೆದು ತಾನಾಗಿ ಕುಗ್ಗುವ ಹಿಮಾಂಜಿಯೋಮವನ್ನು ಕುಗ್ಗದೆ ಉಳಿಯುವ ನಾಳವಿಕೃತಿಯಿಂದ ಬೇರ್ಪಡಿಸಿದುದರಿಂದ ಯಾರಿಗೆ ಕತ್ತರಿ ಬೇಕು, ಯಾರಿಗೆ ಬೇಡ ಎಂಬುದು ಸ್ಪಷ್ಟವಾಯಿತು. ಇಂದು ಎಕ್ಸ್‌ರೇ ಪರದೆಯನ್ನು ನೋಡುತ್ತ, ತೊಡೆಸಂದಿಯಿಂದ ಸಾಗಿಸಿದ ಸೂಕ್ಷ್ಮ ಕೊಳವೆಯ ಮೂಲಕ ಗೆಡ್ಡೆಯ ನಡುವಿನ ಸಿಕ್ಕಿಗೇ ಅಂಟಿನಂತಹ ದ್ರವವನ್ನು ತುಂಬಿ, ಹೆಚ್ಚಾಗಿ ಒಂದೆರಡು ದಿನಗಳೊಳಗೆ, ಹೊಸ ನಾಳಗಳು ಕೂಡಿಕೊಳ್ಳುವ ಮೊದಲೇ, ಕಡಿಮೆ ರಕ್ತಸ್ರಾವದಲ್ಲಿ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಆ ದ್ರವದ ಒಂದು ಹನಿ ಕಣ್ಣಿನ ನಾಳಕ್ಕೆ ಜಾರಿದರೂ ದೃಷ್ಟಿ ಹೋಗಬಹುದು.

ಗೆಡ್ಡೆಯೊಡನೆ ಮೂಗು ಹೋದವರಿಗೆ ಹಣೆಯ ಚರ್ಮದಿಂದಲೇ ಅದನ್ನು ಮತ್ತೆ ಕಟ್ಟುವುದು ಈಗಲೂ ನಡೆಯುತ್ತದೆ. ಮುಖದ ಇಂಥ ಗೆಡ್ಡೆಗಳಿಗೆ ರಕ್ತ ಹೆಚ್ಚಾಗಿ ಹೊರ ಕ್ಯಾರಟಿಡ್ ಅಪಧಮನಿಯಿಂದ ಬಂದರೆ, ಹುಬ್ಬುಗಳ ನಡುವಿನ ಆ ಪಟ್ಟಿಗೆ ಒಳ ಕ್ಯಾರಟಿಡ್‌ನಿಂದ ಕಣ್ಣಿನ ನಾಳದ ಮೂಲಕ ಬರುವುದರಿಂದ, ಕೆನ್ನೆಯ ನಾಳಗಳು ಮುಚ್ಚಿಹೋಗಿದ್ದರೂ ಹಣೆಯಿಂದ ತಿರುಗಿಸಿದ ಚರ್ಮ ಕೆಂಪಾಗಿ, ಬೆಚ್ಚಗೆ ಉಳಿಯುತ್ತದೆ.