ಕನ್ನಂಬಾಡಿ ಹಿನ್ನೀರಿನ ಹಾಯಿದೋಣಿ: ವ್ಯಾಕ್ಸ್ ಹಚ್ಚಿದರೆ ವೇಗ ಹೆಚ್ಚುತ್ತಾ?

ಕನ್ನಂಬಾಡಿ ಅಂದ ತಕ್ಷಣ ನಮ್ಮ ತಲೆಗೆ ಬರೋದು 124.80 ಅಡಿ, 49 ಟಿಎಂಸಿ, ನಾಲೆಗೆ ನೀರು ಬಿಟ್ಟರೋ ಇಲ್ಲವೋ ಅನ್ನೋ ಲೆಕ್ಕ. ಅದೇ ಹಿನ್ನೀರಿನ ಮೇಲೆ ಹಾಯಿದೋಣಿ ರೇಸ್ ಕೂಡ ನಡೆದಿದೆ ಅನ್ನೋದು ಪಾಂಡವಪುರ, ಶ್ರೀರಂಗಪಟ್ಟಣದ ಎಷ್ಟೋ ಜನಕ್ಕೆ ಹೊಸ ಸುದ್ದಿ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ತೃಷ್ಣಾ ಸೈಲಿಂಗ್ ಕ್ಲಬ್ ಇಲ್ಲಿ ಸ್ಪರ್ಧೆ ನಡೆಸಿದೆ. ಸೇನೆಯ ಎಂಜಿನಿಯರ್‌ಗಳು 1985ರಿಂದ 1987ರ ನಡುವೆ ಭೂಮಿ ಸುತ್ತಿ ಬಂದ ಹಾಯಿದೋಣಿಯ ಹೆಸರೂ 'ತೃಷ್ಣಾ'.

ಹಾಯಿದೋಣಿ ರೇಸ್ ಇರೋ ಕಡೆಯೆಲ್ಲಾ ಮುಗಿಯದ ವಾದ ಒಂದಿದೆ. ದೋಣಿಯ ತಳಕ್ಕೆ ವ್ಯಾಕ್ಸ್ ಹಚ್ಚಿ ಕನ್ನಡಿ ಥರ ಹೊಳೆಯಿಸಬೇಕಾ, ಇಲ್ಲಾ ವಾಟರ್ ಪೇಪರಿನಲ್ಲಿ ತಿಕ್ಕಿ ಮಂಕಾಗಿ ಬಿಡಬೇಕಾ? ಒಬ್ಬರು ಕಾರಿನ ಪಾಲಿಶ್ ಉದಾಹರಣೆ ಕೊಡ್ತಾರೆ, ಇನ್ನೊಬ್ಬರು ಟೆಫ್ಲಾನ್ ಬಾಟಲಿ ತರ್ತಾರೆ.

ವ್ಯಾಕ್ಸ್ ವೇಗ ಕೊಡಲ್ಲ. ಇದು ಹೊಸ ಸಂಶೋಧನೆಯೇನೂ ಅಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕೀ ಊರಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಉದ್ದನೆಯ ತೊಟ್ಟಿ ಕಟ್ಟಿಸಿ, ಅದರಲ್ಲಿ ಮರದ ಹಲಗೆಗಳನ್ನು ಎಳೆದು ನೀರಿನ ತಡೆ ಅಳೆದ. ಒಂದು ಹಲಗೆಗೆ ವಾರ್ನಿಶ್, ಒಂದಕ್ಕೆ ಪ್ಯಾರಾಫಿನ್ ಮೇಣ, ಒಂದಕ್ಕೆ ತವರದ ಹಾಳೆ, ಮತ್ತೊಂದಕ್ಕೆ ಕ್ಯಾಲಿಕೋ ಬಟ್ಟೆ, ಇನ್ನು ಕೆಲವಕ್ಕೆ ಮರಳು. ವಾರ್ನಿಶ್, ಮೇಣ, ತವರ ಮೂರರ ತಡೆಯೂ ಹೆಚ್ಚುಕಮ್ಮಿ ಒಂದೇ ಬಂತು. ಬಟ್ಟೆ ಅಂಟಿಸಿದ ಹಲಗೆಯದು ಸುಮಾರು ಎರಡು ಪಟ್ಟು. ಅಂದರೆ ನೀರಿಗೆ ಮೇಲ್ಮೈ ಯಾವ ವಸ್ತುವಿನದು ಅನ್ನೋದು ಮುಖ್ಯವಲ್ಲ, ಎಷ್ಟು ಒರಟು ಅನ್ನೋದೇ ಮುಖ್ಯ.

ಹಾಗಾದರೆ ವ್ಯಾಕ್ಸ್ ಹಚ್ಚಿದ ಕಾರಿನ ಮೇಲೆ ಹನಿ ಉರುಳುತ್ತಲ್ಲ? ಉರುಳುತ್ತೆ, ಯಾಕಂದರೆ ಅಲ್ಲಿ ಹನಿಯ ಸುತ್ತ ಗಾಳಿ ಇದೆ. ಮುಳುಗಿದ ತಳದ ಹತ್ತಿರ ಗಾಳಿಯೇ ಇಲ್ಲ, ಇನ್ನು ಹನಿ ಎಲ್ಲಿಂದ ಬರಬೇಕು? ತಳಕ್ಕೆ ತಾಗಿದ ನೀರಿನ ಪದರ ಅಲ್ಲೇ ಅಂಟಿಕೊಂಡು ದೋಣಿಯ ಜೊತೆಗೇ ಸಾಗುತ್ತೆ. ಮೇಣ ಇದ್ದರೂ ಅಷ್ಟೇ, ಬಣ್ಣ ಇದ್ದರೂ ಅಷ್ಟೇ. ಘರ್ಷಣೆ ಹುಟ್ಟೋದು ಆ ಪದರಕ್ಕೂ ಅದರಾಚೆಯ ನೀರಿಗೂ ನಡುವೆ.

ಈಗ ಒರಟುತನದ ಲೆಕ್ಕ. ಉಬ್ಬುತಗ್ಗುಗಳು ಒಂದು ಮಿತಿಗಿಂತ ಚಿಕ್ಕದಾಗಿದ್ದರೆ ನೀರಿಗೆ ಅವು ಗೊತ್ತೇ ಆಗಲ್ಲ. ಆ ಮಿತಿಗೊಂದು ಸರಳ ಸೂತ್ರ ಇದೆ: ನೀರಿನ ಸ್ನಿಗ್ಧತೆಯ ನೂರು ಪಟ್ಟನ್ನು ವೇಗದಿಂದ ಭಾಗಿಸಿ. ನಮ್ಮ ಕಡೆಯ ಬೆಚ್ಚನೆ ನೀರಿನಲ್ಲಿ ಗಂಟೆಗೆ 7 ಕಿ.ಮೀ. ವೇಗಕ್ಕೆ ಸುಮಾರು 45 ಮೈಕ್ರಾನ್, 11 ಕಿ.ಮೀ.ಗೆ ಸುಮಾರು 30 ಮೈಕ್ರಾನ್ ಬರುತ್ತೆ. ತಲೆಕೂದಲೇ ಹೆಚ್ಚುಕಮ್ಮಿ 70 ಮೈಕ್ರಾನ್ ದಪ್ಪ. 400 ನಂಬರಿನ ವಾಟರ್ ಪೇಪರಿನ ಕಣ ಸುಮಾರು 35 ಮೈಕ್ರಾನ್, 600ರದ್ದು 26. ಅವು ಬಿಡುವ ಗೀರು ಇದಕ್ಕಿಂತಲೂ ತೆಳು. ಹಾಗಾಗಿ 600ರಲ್ಲಿ ತಿಕ್ಕಿದ ತಳ ಸಣ್ಣ ದೋಣಿಗೆ ಸಾಕು. ಅದರಾಚೆ 2000ದವರೆಗೆ ತಿಕ್ಕೋದು ಕಣ್ಣಿಗೆ ಚಂದ, ಗಡಿಯಾರಕ್ಕೆ ಗೊತ್ತಾಗಲ್ಲ. ಸೆಂಟರ್‌ಬೋರ್ಡ್ ಮತ್ತು ಚುಕ್ಕಾಣಿಯ ಮುಂದಿನ ಅಂಚಿನ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಕಾಳಜಿ ಬೇಕು. ಅಲ್ಲಿ ನೀರು ಇನ್ನೂ ಕದಡದೆ ಹರಿಯುತ್ತಿರುತ್ತೆ, ಒಂದು ಚಕ್ಕೆ ಎದ್ದಿದ್ದರೂ ಆ ಹರಿವು ಕೆಡುತ್ತೆ.

ಮಂಡ್ಯದವರಿಗೆ ಇದು ಬೇರೆ ರೂಪದಲ್ಲಿ ಗೊತ್ತಿರೋ ವಿಷಯವೇ. ಹೂಳು, ಜೊಂಡು ತುಂಬಿದ ಮಣ್ಣಿನ ನಾಲೆಗೂ ಸಿಮೆಂಟ್ ಲೈನಿಂಗ್ ಆದ ನಾಲೆಗೂ ಮ್ಯಾನಿಂಗ್ ಸೂತ್ರದ ಒರಟುತನದ ಅಂಕಿ ಸುಮಾರು 0.030 ಮತ್ತು 0.015. ಇಳಿಜಾರು, ಅಗಲ, ಆಳ ಒಂದೇ ಇದ್ದರೂ ಎರಡನೆಯದರಲ್ಲಿ ದುಪ್ಪಟ್ಟು ನೀರು ಹರಿಯುತ್ತೆ. ಕೊನೆ ಭಾಗದ ರೈತರು ಹೂಳು ತೆಗೆಸಿ ಅಂತ ಕೂಗೋದು ಸುಮ್ಮನೆ ಅಲ್ಲ. ಆದರೆ ಲೈನಿಂಗ್ ಮೇಲೆ ವ್ಯಾಕ್ಸ್ ಬಳಿಯೋಣ ಅಂತ ಯಾವ ಎಂಜಿನಿಯರೂ ಹೇಳಲ್ಲ!

ಹಾಗಂತ ತಳವನ್ನು ಹೇಗೆ ಬೇಕೋ ಹಾಗೆ ಬಿಡಬಹುದು ಅಂತಲ್ಲ. ತಡೆ ಶೇ. 1ರಷ್ಟು ಹೆಚ್ಚಿದರೆ ವೇಗ ಸುಮಾರು ಅರ್ಧ ಪರ್ಸೆಂಟ್ ಇಳಿಯುತ್ತೆ ಅಂತಿಟ್ಟುಕೊಳ್ಳಿ. 50 ನಿಮಿಷದ ರೇಸಿನಲ್ಲಿ ಅದು 15 ಸೆಕೆಂಡ್. ಗಾಳಿ ಕಡಿಮೆ ಇದ್ದ ದಿನ ತಡೆಯಲ್ಲಿ ಘರ್ಷಣೆಯದೇ ದೊಡ್ಡ ಪಾಲು, ಆಗ ತಳದ ಪಾಚಿ, ಒಣಗಿದ ಕೆಸರು, ದಡದ ಕಲ್ಲಿಗೆ ಉಜ್ಜಿದ ಗಾಯ ಎಲ್ಲಾ ಲೆಕ್ಕಕ್ಕೆ ಬರುತ್ತೆ. ಗಾಳಿ ಏರಿದಂತೆ ದೋಣಿ ತಾನೇ ಎಬ್ಬಿಸುವ ಅಲೆಯ ತಡೆ ಮುಂದಾಗುತ್ತೆ. ರೇಸಿಗೆ ಮುಂಚೆ ಸೋಪು ನೀರಲ್ಲಿ ತೊಳೆಯೋದು, ಗಾಯಗಳನ್ನು ತುಂಬಿ ಸಮ ಮಾಡೋದು, ರಾತ್ರಿ ದೋಣಿಯನ್ನು ನೀರಲ್ಲಿ ಬಿಡದೆ ದಡಕ್ಕೆ ಎಳೆದಿಡೋದು, ಇವು ನಿಜವಾದ ಕೆಲಸ. ವ್ಯಾಕ್ಸಿನ ಉಪಯೋಗ ಇರೋದು ಬಿಸಿಲಿನಿಂದ ಮೇಲ್ಪದರ ಕಾಪಾಡೋದರಲ್ಲಿ, ಕೊಳೆ ಸುಲಭವಾಗಿ ಬಿಡೋದರಲ್ಲಿ.

ನಯಕ್ಕಿಂತಲೂ ಮುಂದೆ ಹೋಗೋ ದಾರಿ ಇದೆ, ಆದರೆ ಅದಕ್ಕೆ ಬೀಗ ಬಿದ್ದಿದೆ. 1987ರಲ್ಲಿ ಅಮೆರಿಕಾಸ್ ಕಪ್ ಗೆದ್ದ 'ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್' ದೋಣಿಯ ತಳಕ್ಕೆ ಶಾರ್ಕ್ ಚರ್ಮದ ಹಾಗೆ ಸೂಕ್ಷ್ಮ ಗೆರೆಗಳಿದ್ದ 3ಎಂ ಕಂಪನಿಯ ಹಾಳೆ ಅಂಟಿಸಿದ್ದರು. ಅಂಥ ಗೆರೆಯ ಮೇಲ್ಮೈಯನ್ನೂ, ನೀರಿಗೆ ಪಾಲಿಮರ್ ಬಿಡೋದನ್ನೂ ರೇಸಿಂಗ್ ನಿಯಮಪುಸ್ತಕದ 53ನೇ ನಿಯಮ ನಿಷೇಧಿಸುತ್ತೆ. ಇಂಥ ನಿಯಮ ಇಲ್ಲದಿದ್ದರೆ ರೇಸ್ ಗೆಲ್ಲೋದು ಪ್ರಯೋಗಾಲಯ ಇರೋ ತಂಡವೇ.

ಬಾಟಲಿ ಪಾಲಿಶ್ ಕೊಳ್ಳಲಾಗದ ಮಕ್ಕಳು ಹಿಂದೆ ಬೀಳೋದು ಪಾಲಿಶ್ ಇಲ್ಲದ್ದಕ್ಕಲ್ಲ. ದೋಣಿಯೇ ಇಲ್ಲ, ಕಲಿಸುವವರಿಲ್ಲ, ನೀರಿನ ಮೇಲೆ ಗಂಟೆಗಳು ಸಿಗಲ್ಲ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಐಎಲ್‌ಸಿಎ-4 ವಿಭಾಗದ ಬೆಳ್ಳಿ ಗೆದ್ದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು. ಕಲಿತಿದ್ದು ಭೋಪಾಲದ ನ್ಯಾಷನಲ್ ಸೈಲಿಂಗ್ ಸ್ಕೂಲಿನಲ್ಲಿ. ಸಮುದ್ರವೇ ಇಲ್ಲದ ರಾಜ್ಯ ಅದು. ಆ ವಿಭಾಗದಲ್ಲಿ ಎಲ್ಲರದೂ ಒಂದೇ ಮಾದರಿಯ 4.2 ಮೀಟರ್ ದೋಣಿ, ತಿಕ್ಕಿ ಆಕಾರವನ್ನೋ ತೂಕವನ್ನೋ ಬದಲಿಸುವಂತಿಲ್ಲ.

ಭೋಪಾಲದ ಬಡಾ ತಾಲಾಬ್‌ಗಿಂತ ಕನ್ನಂಬಾಡಿ ಹಿನ್ನೀರು ಹಲವು ಪಟ್ಟು ದೊಡ್ಡದು. ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಮುಂದೆ ನಿಂತರೆ ಕಣ್ಣು ಹಾಯುವಷ್ಟು ದೂರ ನೀರು. ಕ್ರೀಡಾ ಇಲಾಖೆಯವರು ಇಲ್ಲಿ ಮೊದಲು ಕೊಳ್ಳಬೇಕಾದ್ದು ಒಂದೇ ಮಾದರಿಯ ಹತ್ತು ಹಳೇ ದೋಣಿ, ಲೈಫ್ ಜಾಕೆಟ್, ದಡದಲ್ಲೊಂದು ಶೆಡ್, ಜೊತೆಗೆ ಒಬ್ಬ ಕೋಚ್‌ನ ಸಂಬಳ. 600 ನಂಬರಿನ ವಾಟರ್ ಪೇಪರ್ ಪಾಂಡವಪುರದ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತೆ.